ಸುಜಾತಾ ಆರಿಸಿದ ಬೋರ್ಡು

ಹೊಸದಾಗಿ ಕೆಲಸಕ್ಕ ಸೇರಿದ ಲೆಕ್ಚರರ್ ಹುಡುಗ್ಯಾರು ಆಗಾಗ ಶಹಾಬಾದಿನ ನಮ್ಮ ಮನಿಗೆ ಬರ್ತಾರ. "ಮೇಡಂ, ಹುಡುಗ್ರ ಪ್ರಾಜೆಕ್ಟಿಗೆ ಎಲೆಕ್ಟ್ರಾನಿಕ್ಸ್ ಬೋರ್ಡು ಹ್ಯಾಂಗ ಆರಿಸ್ಬೇಕ್ರಿ?" ಅಂತ ಕೇಳ್ತಾರ. ಚಹಾ ಕೊಟ್ಟು, "ಅದರ ಜೋಡಿ ಬಂದ ಪುಸ್ತಕಾ ಓದ್ರಿ, ಎಲ್ಲಾ ಅದರಾಗೇ ಅದ" ಅಂತ ಹೇಳಿ ಕಳಸ್ತಿದ್ದೆ. ಅದು ಅರ್ಧ ಸುಳ್ಳು. ಎಲ್ಲಾ ಅದರಾಗ ಇಲ್ಲ. ಇಲ್ಲದ್ದನ್ನ ಹೇಳಬೇಕಂದ್ರ ಒಂದು ಹುಡುಗಿ ಕಥಿ ಹೇಳಬೇಕಾಗ್ತದ, ಆ ಕಥಿಗೆ ಇಷ್ಟು ವರ್ಷ ನನ್ನ ಬಾಯಿ ಕಟ್ಟಿತ್ತು. ಈಗ ಬಿಚ್ಚೀನಿ. ಓದಿದ ಮ್ಯಾಲ ಮನಸ್ಸು ಹಗುರ ಆಗ್ತದ ಅಂತ ಮಾತ್ರ ತಿಳ್ಕೋಬ್ಯಾಡ್ರಿ.

ನಾ ಸೇಡಂ ಕಡಿ ಒಂದು ಖಾಸಗಿ ಪಾಲಿಟೆಕ್ನಿಕ್‌ನಾಗ ಎಲೆಕ್ಟ್ರಾನಿಕ್ಸ್ ಕಲಿಸಿದಾಕಿ. ಅದರ ಹೆಸರು ಬರಿಯೋದಿಲ್ಲ. ಮುಂಜಾನಿ ಶಹಾಬಾದಿನಾಗ ಪ್ಯಾಸೆಂಜರ್ ಹತ್ತೋದು, ವಾಡಿ ಜಂಕ್ಷನ್ನಿನಾಗ ಅದು ಮಲಗಿಬಿಡೋದು, ಚಿತ್ತಾಪುರ ದಾಟಿ ಸೇಡಂ ಮುಟ್ಟೋದ್ರಾಗ ಮೊದಲ ಪಿರಿಯಡ್ಡು ಮುಗದಿರೋದು. ಪ್ರಿನ್ಸಿಪಾಲರು ಬೈಯೋರು. ರೈಲ್ವೆಯವರಿಗೆ ಬೈಯ್ರಿ, ನನಗ್ಯಾಕ ಬೈತೀರಿ ಅಂತ ನಾ ತಿರುಗಿ ಅನ್ನಾಕಿ. ನನ್ನ ನಾಲಗಿ ಮೊದಲಿಂದ ಹಂಗೇ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದ್ರು, ಅದೆಲ್ಲಾ ಇಲ್ಲಿ ಬ್ಯಾಡ.

ನಾ ಸೇರಿದಾಗ ಬೋರ್ಡು ಅಂದ್ರ ಸೂಟ್‌ಕೇಸಿನಷ್ಟು ದೊಡ್ಡ ಪೆಟಗಿಯೊಳಗ ಕೂಡಿಸಿದ ಕಿಟ್. ಗುಂಡಿ ಒತ್ತಿ ಒತ್ತಿ ಒಂದೊಂದೇ ಸಂಕೇತ ತುಂಬಬೇಕು. ಹುಡುಗ್ರು ಪೂರಾ ಪ್ರೋಗ್ರಾಂ ತುಂಬಿ ಕಡೀ ಗುಂಡಿ ಒತ್ತೋ ಹೊತ್ತಿಗೆ ಬರೋಬ್ಬರಿ ಕರೆಂಟು ಹೋಗ್ತಿತ್ತು. ಎಲ್ಲಾ ಅಳಿಸಿಹೋಗೋದು. ಆಗಿನ ನಮ್ಮ ವಿಭಾಗದ ಹೆಡ್ಡು ಒಬ್ಬರಿದ್ದರು, "ಅಳಿಸಿದ್ದೇ ಛಲೋ ಆತು, ಮತ್ತ ತುಂಬ್ರಿ, ಕೈ ಪಳಗ್ತದ" ಅನ್ನೋರು. ಅವರ ಮ್ಯಾಲ ನನಗ ಮೈಯೆಲ್ಲಾ ಉರೀತಿತ್ತು. ಈಗಿನ ಬೋರ್ಡು ನೋಡ್ರಿ, ಬಿಸ್ಕೀಟಿನಷ್ಟು ಇರ್ತದ. ಅದರ ಮ್ಯಾಲಿನ ಚಿಪ್ಪಿನಾಗ ನಾವು ಬರೆದ ಪ್ರೋಗ್ರಾಂ ಒಮ್ಮೆ ಕುಂತಿತಂದ್ರ ಕರೆಂಟು ಹೋದ್ರೂ ಜಪ್ಪಯ್ಯ ಅಂದ್ರೂ ಹೋಗೋದಿಲ್ಲ. ಕೆಲಸ ಸಸಾರ ಆತು, ತಪ್ಪು ಮಾತ್ರ ಸಸಾರ ಆಗಲಿಲ್ಲ.

ಚಿತ್ತಾಪುರದಾಗ ಒಂದು ಹಾಸ್ಟೆಲಿಗೆ, ನೀರಿನ ಟಾಕಿ ತುಂಬಿದ ಕೂಡಲೇ ಮೋಟರು ತಾನೇ ಬಂದ್ ಆಗೋ ಹಂಗ ಒಂದು ಬೋರ್ಡು ಕೂಡಿಸಿ ಕೊಟ್ಟಿದ್ದೆ. ಒಂದು ದಿನ ಟಾಕಿ ತುಂಬಿ ಹರಿದು ಕೆಳಗ ವಾರ್ಡನ್ನರ ಹಾಸಿಗಿ ತೊಯ್ದು ತಪ್ಪಡಿ ಆತು. ಅವರು ಫೋನಿನಾಗ ನನಗ ಅಂದದ್ದನ್ನ ಇಲ್ಲಿ ಬರಿಯೋ ಹಂಗಿಲ್ಲ. ಹೋಗಿ ಡಬ್ಬಿ ಬಿಚ್ಚಿದ್ರ, ಒಳಗ ಬೆಚ್ಚಗದ ಅಂತ ಒಂದು ಹಲ್ಲಿ ಹೊಕ್ಕು ಮೋಟರ್ ಬಂದ್ ಮಾಡೋ ಸ್ವಿಚ್ಚಿನ ಸಂದಿನಾಗ ಸಂಸಾರ ಹೂಡ್ಯದ! ಬೋರ್ಡಿಗೆ ಏನೂ ಆಗಿದ್ದಿಲ್ಲ. ಅವತ್ತೇ ನನಗ ಗಟ್ಟಿ ಆತು, ಬೋರ್ಡು ಕೆಡೋದು ಕಮ್ಮಿ, ಅದರ ಸುತ್ತ ಇರೋದು ಕೆಡೋದೇ ಹೆಚ್ಚು. ಆದ್ರ ಬೈಗುಳ ಯಾವಾಗಲೂ ಬೋರ್ಡಿಗೆ, ಅದನ್ನ ಆರಿಸಿದವರಿಗೆ.

ಸುಜಾತಾ ನನ್ನ ಕೈಯಾಗ ಬಂದದ್ದು ನಾ ರಿಟೈರ್ ಆಗೋಕ್ಕಿಂತ ಜರಾ ಮೊದಲು. ಚಿಂಚೋಳಿ ತಾಲೂಕಿನ ಐನಾಪುರದ ಹುಡುಗಿ. ದಲಿತರ ಓಣಿಯ ಬೌದ್ಧರ ಮನಿ, ಅಪ್ಪ ಅವ್ವ ಇಬ್ಬರೂ ಮಂದಿ ಹೊಲದಾಗ ದುಡಿಯೋರು. ಕ್ಲಾಸಿನಾಗ ತುಟಿ ಬಿಚ್ಚತಿದ್ದಿಲ್ಲ. ಲ್ಯಾಬಿಗೆ ಬಂದ್ಲಂದ್ರ ಬ್ಯಾರೇನೇ ಹುಡುಗಿ. ಕೆಟ್ಟ ರೇಡಿಯೊ, ಕೆಟ್ಟ ಮೊಬೈಲು, ಏನು ಸಿಕ್ಕರೂ ಬಿಚ್ಚಿ ಹರವಿಕೊಂಡು ಕುಂದ್ರಾಕಿ. ಒಮ್ಮೆ ಅಂದ್ಲು, "ಮೇಡಂ, ನಾ ಇಂಥಾ ಬೋರ್ಡು ಮಾರೋ ಅಂಗಡ್ಯಾಗ ಕುಂದ್ರೋದಿಲ್ರಿ. ಇದನ್ನ ತಯಾರ ಮಾಡ್ತಾರಲ್ರಿ, ಆ ಟೇಬಲ್ ಮ್ಯಾಲ ಕುಂದ್ರತೀನಿ."

"ಟೇಬಲ್ ಮ್ಯಾಲ ಕುಂತ್ರ ಬೈತಾರ, ಕುರ್ಚಿ ಮ್ಯಾಲ ಕುಂದ್ರು" ಅಂದೆ. ಆಕಿ ನಕ್ಕದ್ದನ್ನ ನಾ ನೋಡಿದ್ದು ಅವತ್ತೇ ಮೊದಲು.

ನಮ್ಮ ಲ್ಯಾಬಿನ ಬಾಜೂಕ ವರ್ಕ್‌ಶಾಪು. ಅಲ್ಲಿನ ಇನ್‌ಸ್ಟ್ರಕ್ಟರು ಶರಣಪ್ಪ ಮಾಸ್ತರರು. ಕೊರಳಾಗ ಲಿಂಗದ ಕರಡಿಗಿ, ಹಣಿ ತುಂಬ ಇಭೂತಿ. ಇಭೂತಿ ಅವರ ಹಣಿಗಷ್ಟೇ ಅಲ್ಲ, ಮಶೀನಿಗೂ ಬೇಕು. ದಿನಾ ಮುಂಜಾನಿ ಬಂದವರೇ ಇಭೂತಿ ಗಟ್ಟಿ ನೀರಾಗ ತೇದು, ಲೇಥಿಗೆ, ಡ್ರಿಲ್ಲಿಗೆ, ವೆಲ್ಡಿಂಗ್ ಸೆಟ್ಟಿಗೆ ಮೂರು ಬಟ್ಟಿನಿಂದ ಪಟ್ಟಿ ಎಳೆಯೋರು. ಹೊಸಾ ಸ್ಕ್ರೂಡ್ರೈವರ್ ಬಂದ್ರೂ ಅದಕ್ಕೊಂದು ಗೆರಿ. ನಮ್ಮ ಕಡಿ ಇದು ಹೊಸಾದೇನಲ್ಲ, ನಾನೂ ಹಚ್ಚಿಕೊಂಡೇ ರೈಲು ಹತ್ತಾಕಿ.

ಆದ್ರ ಹಚ್ಚಿಕೊಂಡವರೆಲ್ಲಾ ಶರಣಪ್ಪ ಮಾಸ್ತರರಂಗ ಇದ್ದರೇನು ಅಂತ ಕೇಳಬ್ಯಾಡ್ರಿ, ನನ್ನ ಬಾಯಾಗ ಕೆಟ್ಟ ಮಾತು ಬರ್ತಾವ. ಊಟದ ಹೊತ್ತಿನಾಗ ಸುಜಾತಾ ಒಬ್ಬಾಕೇ ಮೂಲ್ಯಾಗ ಕುಂದ್ರತಿದ್ಲು. ಆಕಿ ಜೋಡಿ ಯಾರೂ ಡಬ್ಬಿ ಬಿಚ್ಚತಿದ್ದಿಲ್ಲ. ಯಾಕ ಅಂತ ಎಲ್ಲಾರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಅನ್ನತಿದ್ದಿಲ್ಲ. ಶರಣಪ್ಪ ಮಾಸ್ತರರು ಒಂದು ದಿನ ತಮ್ಮ ಡಬ್ಬಿ ತಂದು ಆಕಿ ಮುಂದ ಇಟ್ಟು ಚಕ್ಕಳಮಕ್ಕಳ ಹಾಕಿ ಕುಂತರು. "ಯವ್ವ, ನಿನ್ನ ಬ್ಯಾಳಿ ಇತ್ತಾಗ ಕೊಡು, ನನ್ನ ಪುಂಡಿಪಲ್ಯಾ ತಗೋ" ಅಂದರು. ಸ್ಟಾಫ್ ರೂಮಿನಾಗ ಒಬ್ಬಿಬ್ಬರು ಮಾರಿ ಕಿವುಚಿದರು. "ನನ್ನ ಹೊಟ್ಟಿ, ನಿಮಗೇನು ತ್ರಾಸ?" ಅಂದು ಅವತ್ತಿಂದ ದಿನಾ ಅಲ್ಲೇ ಉಂಡರು. ಬೆಸುಗಿ ಹಾಕೋದು ಆಕಿಗೆ ಕಲಿಸಿದವರೂ ಅವರೇ. ಆಕಿ ಅವರಿಗೆ ಕಾಕಾ ಅಂತ ಕರೀತಿದ್ಲು.

ಆಕಿ ಕಡೀ ವರ್ಷದಾಗ ಇದ್ದಾಗ ಕಾಲೇಜು ಹುಡುಗ್ರು ಸಣ್ಣ ಮಾದರಿ ರಾಕೆಟ್ ಮಾಡಿ ಹಾರಿಸೋ ಸ್ಪರ್ಧೆ ಬಂತು. ಉರಿಯೋ ಮೋಟರನ್ನ ಸ್ಪರ್ಧೆ ನಡಸೋರೇ ತಂದು ತಮ್ಮ ಕೈಯಾರೆ ಕೂಡಸ್ತಾರ. ಕೊಳವಿ, ರೆಕ್ಕಿ, ಪ್ಯಾರಾಚೂಟು, ಒಳಗಿನ ಬೋರ್ಡು ಹುಡುಗ್ರು ಮಾಡಬೇಕು. ನೋಡ್ಲಿಕ್ಕ ಹೈದರಾಬಾದಿನಿಂದ ಒಂದು ಕಂಪನಿ ಸಾಹೇಬರು ಬರೋರಿದ್ದರು. ಅಳತಿ ಮಾಡೋ ಯಂತ್ರಕ್ಕ ಬೋರ್ಡು ತಯಾರ ಮಾಡೋ ಕಂಪನಿ. ನಿಮ್ಮ ಟೀಮಿನಾಗಿಂದ ಒಬ್ಬರನ್ನ ಟ್ರೇನಿ ಅಂತ ತಗೋತೀವಿ ಅಂದಿದ್ದರು. ಒಬ್ಬರನ್ನ ಅಷ್ಟೇ. ಅಂಥಾ ಕಂಪನಿ ನಮ್ಮಲ್ಲಿಗೆ ಹಿಂದ ಬಂದಿದ್ದಿಲ್ಲ, ಮುಂದ ಬರೋ ಲಕ್ಷಣಾನೂ ಇದ್ದಿಲ್ಲ. ಸುಜಾತಾಗ ಆ ಕುರ್ಚಿ ಬೇಕಾಗಿತ್ತು. ಆಕಿ ಬಾಯಿಬಿಟ್ಟು ಹೇಳಿದ್ದಿಲ್ಲ, ಆದ್ರ ಲ್ಯಾಬಿನ ಗ್ವಾಡಿಗೂ ಗೊತ್ತಿತ್ತು.

ಯಾವ ಬೋರ್ಡು ಹಾಕೋದು ಅಂತ ಜಗಳ ಹತ್ತಿತು. ಟೀಮಿನ ಲೀಡರು ವಿನೋದ ಅಂತ ಹುಡುಗ, ಮಾತಿನ ಮಲ್ಲ, ಆದ್ರ ಕೆಟ್ಟವನಲ್ಲ. ಅವನೂ ನಮ್ಮ ಹೆಡ್ಡು ರಾಜಶೇಖರ ಸರ್ರೂ ಒಂದು ಕಡಿ. ಅವರಿಗೆ ದೊಡ್ಡ ಬೋರ್ಡೇ ಬೇಕು. ಅದು ಹೆಸರಿಗಷ್ಟೇ ಬೋರ್ಡು, ಪೂರಾ ಕಂಪ್ಯೂಟರೇ. ಕ್ಯಾಮೆರಾ ಹಚ್ಚಬಹುದು, ಮ್ಯಾಲಿಂದ ಸೇಡಂ ಹ್ಯಾಂಗ ಕಾಣ್ತದ ಅಂತ ವಿಡಿಯೊ ತಗೀಬಹುದು.

"ಸರ್, ಕ್ಯಾಮೆರಾ ಛಲೋನೇ ಅದ್ರಿ," ಸುಜಾತಾ ಸಣ್ಣ ದನಿಯಾಗ ಶುರು ಮಾಡಿದ್ಲು. "ಆದ್ರ ಆ ಬೋರ್ಡು ಚಾಲೂ ಆಗ್ಲಿಕ್ಕೇ ಹೊತ್ತು ಹಿಡೀತದ್ರಿ. ಮ್ಯಾಲ ಹೋಗುಮುಂದ ಬ್ಯಾಟರಿ ಜರಾ ಅಳ್ಳಾಡಿತು ಅಂತ ತಿಳೀರಿ, ಬಂದ್ ಬಿದ್ದು ಮತ್ತ ಮೊದಲಿಂದ ಚಾಲೂ ಆಗ್ಲಿಕತ್ತದ. ಅಷ್ಟೊತ್ತಿಗೆ ರಾಕೆಟ್ ನೆಲಕ್ಕ ಬಡದಿರ್ತದ. ನಮಗ ಬೋರ್ಡಿನಿಂದ ಒಂದೇ ಕೆಲಸ ಬೇಕಾಗ್ಯದ್ರಿ."

"ಏನದು?"

"ರಾಕೆಟ್ ಮ್ಯಾಲ ಹೋಗೋದು ಮುಗಿದು ಕೆಳಗ ತಿರುಗೋ ಗಳಿಗಿ ಹಿಡೀಬೇಕು. ಹಿಡಿದು ಪ್ಯಾರಾಚೂಟು ಹೊರಗ ದಬ್ಬಬೇಕು. ಅಷ್ಟೇರಿ."

ಆಕಿ ತೋರಿಸಿದ್ದು ಸಣ್ಣ ಬೋರ್ಡು. ಗುಂಡಿ ಒತ್ತಿದ ಕೂಡಲೇ ಎಚ್ಚರ ಆಗೋದು. ಅದರ ಜೋಡಿ ಗಾಳಿ ಒತ್ತಡ ಅಳೆಯೋ ಸೆನ್ಸರು. ಮ್ಯಾಲ ಹ್ವಾದಂಗ ಗಾಳಿ ತೆಳ್ಳಗಾಗ್ತದ, ಕೆಳಗ ಬಂದಂಗ ದಪ್ಪಾಗ್ತದ. ತೆಳ್ಳಗಾಗೋದು ನಿಂತು ದಪ್ಪಾಗ್ಲಿಕ್ಕ ಶುರು ಆತಂದ್ರ ರಾಕೆಟ್ ತಿರುಗ್ಯದ ಅಂತ ಅರ್ಥ. ಹೊರಗಿನ ಗಾಳಿ ಸೆನ್ಸರಿಗೆ ಮುಟ್ಟಬೇಕಂತ ಕೊಳವಿಗೆ ಒಂದೇ ಎತ್ತರದಾಗ ಸುತ್ತಲೂ ಸಣ್ಣ ಸಣ್ಣ ತೂತು ಕೊರೀಬೇಕು. ಕುಲುಕು ಅಳೆಯೋ ಇನ್ನೊಂದು ಸೆನ್ಸರೂ ಇರಲಿ ಅಂತ ಆಕಿ ತರಿಸಿದ್ಲು. ಅದು ಕೆಟ್ಟದ್ದು ಬಂತು, ಬದಲಿ ಬರೋದ್ರಾಗ ದಿನ ತೀರಿತು. ಅದೊಂದು ಕೊರತಿ ಖರೆ.

ರಾಜಶೇಖರ ಸರ್ ಕಡೀಕ ಒಪ್ಪಿದರು, ಮಾರಿ ಗಂಟು ಹಾಕ್ಕೊಂಡೇ. "ಆತಮ್ಮ, ನಿಂದೇ ಹಾಕು. ಆದ್ರ ಫೇಲಾತಂದ್ರ ಹೆಸರೂ ನಿಂದೇ. ಆ ಸಾಹೇಬರ ಮುಂದ ನಾ ಅಡ್ಡ ಬರೋದಿಲ್ಲ."

"ಆಗ್ಲಿ ಸರ್," ಅಂದ್ಲು.

ಆಕಿ ಆ ಬೋರ್ಡನ್ನ ಕಾಡಿದಷ್ಟು ಯಾರೂ ಯಾವ ಬೋರ್ಡನ್ನೂ ಕಾಡಿಲ್ಲ. ಶರಣಪ್ಪ ಮಾಸ್ತರರು ಮನ್ಯಾಗಿನ ಉಪ್ಪಿನಕಾಯಿಯ ಗಾಜಿನ ಭರಣಿ ಖಾಲಿ ಮಾಡಿ ತಂದುಕೊಟ್ಟರು. ಅದರೊಳಗ ಬೋರ್ಡು ಇಟ್ಟು, ಮುಚ್ಚಳಕ್ಕ ನಳಿಗಿ ಹಾಕಿ ಗಾಳಿ ಎಳೆದು, ಬಿಟ್ಟು, ಎಳೆದು, ಬಿಟ್ಟು ನೋಡಿದ್ರು. ಪ್ರತಿ ಸಲಾನೂ ಬರೋಬ್ಬರಿ ಗಳಿಗಿಗೆ, ಪ್ಯಾರಾಚೂಟಿನ ಬದಲಿಗೆ ಹಚ್ಚಿದ ದೀಪ ಹತ್ತಿತು. ಲ್ಯಾಬೆಲ್ಲಾ ಮಾವಿನಕಾಯಿ ವಾಸನಿ. ಊರಿಗೆ ಹೋದಾಗ ಚಂದ್ರಂಪಳ್ಳಿ ಕೆರಿ ಒಡ್ಡಿನ ಮ್ಯಾಲ ಬೋರ್ಡು ಹಿಡಕೊಂಡು ಹತ್ತಿ ಇಳದು ಎತ್ತರ ತಾಳೆ ನೋಡಿ ಬಂದ್ಲು. "ಮೇಡಂ, ಮಂದಿ ನನಗ ಹುಚ್ಚು ಹಿಡದದ ಅಂತ ತಿಳ್ಕೊಂಡ್ರು" ಅಂದ್ಲು. "ಅವರೇನು ತಪ್ಪು ತಿಳ್ಕೊಂಡಿಲ್ಲ ಬಿಡು" ಅಂದೆ.

ಹಾರಿಸಿದ್ದು ಕೋಡ್ಲಾ ಕಡಿ, ತೊಗರಿ ಕೊಯ್ದು ಖಾಲಿ ಬಿದ್ದ ಒಂದು ಹೊಲದಾಗ. ಶರಣಪ್ಪ ಮಾಸ್ತರರು ಟೆಂಪೋದಾಗ ರಾಕೆಟ್ಟನ್ನ ಕೂಸಿನಂಗ ತೊಡಿ ಮ್ಯಾಲ ಮಲಗಿಸಿಕೊಂಡು ಬಂದರು. ಹುಡುಗ್ರು ಆ ಕಡಿ ವಯರ್ ಎಳೀಲಿಕತ್ತಿದ್ದರು. ಮಾಸ್ತರರು ಕಿಸೆದಾಗಿಂದ ಇಭೂತಿ ಗಟ್ಟಿ ತಗದು, ಬಾಟಲಿ ನೀರಾಗ ತೇದು, ಕೊಳವಿಗೆ ಹಚ್ಚಲಿಕತ್ತರು. "ಗುಂಡಗದ ನೋಡ್ರಿ ಅಕ್ಕೋರೆ, ಮುಂದಷ್ಟೇ ಹಚ್ಚಿದ್ರ ಹ್ಯಾಂಗ," ಅಂದು ಕೊಳವಿ ತಿರುಗಿಸ್ತಾ ಸುತ್ತಲೂ ಮೂರು ಪಟ್ಟಿ ಎಳದರು. ದಪ್ಪಗ, ಚಂದಗ, ಒಂದು ಕಡಿ ಕೂಡ ಕೈ ಅಳ್ಳಾಡದಂಗ. ವಿನೋದ ಫೋಟೊ ಹೊಡದ. ಸುಜಾತಾ ಬಂದು ನೋಡಿ, "ಕಾಕಾ, ಚಂದ ಕಾಣ್ತದ್ರಿ" ಅಂದ್ಲು. ಬಿಸಲಿಗೆ ಅದು ಅರಗಳಿಗ್ಯಾಗ ಒಣಗಿ ಸುಣ್ಣದಂಗ ಗಟ್ಟಿ ಆತು.

ನಾವೆಲ್ಲಾ ಅಲ್ಲೇ ನಿಂತಿದ್ದೆವು. ಎಲ್ಲಾರೂ ನೋಡಿದ್ದೆವು. ಯಾರ ಕಣ್ಣಿಗೂ ಬೀಳಲಿಲ್ಲ. ದಿನಾ ಲೇಥಿನ ಮ್ಯಾಲ, ಬಾಗಲಾ ಮ್ಯಾಲ, ನಮ್ಮ ನಮ್ಮ ಹಣಿ ಮ್ಯಾಲ ನೋಡಿ ನೋಡಿ ಇಭೂತಿ ನಮಗ ಕಾಣೋದೇ ಇಲ್ಲ. ಬ್ಯಾರೆ ಊರವರು ಯಾರರ ಇದ್ದಿದ್ದರ ಇದೇನು ಬಳದೀರಿ ಅಂತ ಕೇಳ್ತಿದ್ದರೋ ಏನೋ.

ರಾಕೆಟ್ ಹಾರಿತು. ಸೊಂಯ್ ಅಂತ ಮ್ಯಾಲ ಹೋದದ್ದನ್ನ ನೋಡಿ ನನ್ನಂಥ ಬಿರುಸು ಹೆಂಗಸಿನ ಕಣ್ಣಾಗೂ ನೀರು ಬಂತು. ಹುಡುಗ್ರು ಸೀಟಿ ಹೊಡದರು. ಮ್ಯಾಲ ಹೋಗಿ ಸಣ್ಣ ಕಡ್ಡಿ ಆತು, ಓರಿ ಆತು, ತಿರುಗಿತು. ಈಗ ಬಿಚ್ಚಬೇಕು. ಸುಜಾತಾನ ತುಟಿ ಅಳ್ಳಾಡಲಿಕತ್ತಿತ್ತು, "ಈಗ, ಈಗ, ಈಗ" ಅನ್ನಲಿಕತ್ತಿದ್ಲು. ಬಿಚ್ಚಲಿಲ್ಲ. ಮೂತಿ ಕೆಳಗ ಮಾಡಿ ಬಂದು ತೊಗರಿ ಕೂಳ್ಯಾಗ ಧಡ್ ಅಂತ ನೆಟ್ಟಿತು. ಹೈದರಾಬಾದಿನ ಸಾಹೇಬರು ಟೊಪಿಗಿ ತಗದು ತಲಿ ಒರಸಿಕೊಂಡು, "ಬೋರ್ಡು ಯಾವುದು ಹಾಕಿದ್ರಿ?" ಅಂತ ಕೇಳಿದರು.

ಅವತ್ತು ಮಧ್ಯಾಹ್ನ ಲ್ಯಾಬಿನಾಗ ನಾನೂ ಆಕೀನೂ ಇಬ್ಬರೇ. ಬೋರ್ಡಿನ ಮೂಲಿ ಒಡದಿತ್ತು, ಚಿಪ್ಪಿಗೆ ಏನೂ ಆಗಿದ್ದಿಲ್ಲ. ಆಕಿ ಅದರ ನೆನಪಿನಾಗ ಉಳದದ್ದನ್ನ ಕಂಪ್ಯೂಟರಿಗೆ ತಂದು ನೋಡಿದ್ಲು.

"ಮೇಡಂ, ಬೋರ್ಡು ಸತ್ತಿದ್ದಿಲ್ರಿ. ಪೂರಾ ಹೊತ್ತು ಎಚ್ಚರೇ ಇತ್ತು. ಗಾಳಿ ಬದಲೇ ಆಗಿಲ್ಲ ಅಂತ ಬರದದ. ತಾನು ಇನ್ನೂ ನೆಲದ ಮ್ಯಾಲೇ ನಿಂತೀನಿ ಅಂತ ತಿಳ್ಕೊಂಡದ್ರಿ."

"ಗಾಳಿ ಹ್ಯಾಂಗ ಬದಲಾಗೋದಿಲ್ಲ? ಅಷ್ಟು ಮ್ಯಾಲ ಹೋಗ್ಯದ!"

ಆಕಿ ಎದ್ದು ಮುರಿದ ಕೊಳವಿ ತಗೊಂಡು ಕಿಡಕಿ ಕಡಿ ಹಿಡದ್ಲು. ತೂತಿನಾಗಿಂದ ಬೆಳಕು ಬರಬೇಕು. ಬರಲಿಲ್ಲ. ಒಂದರಾಗೂ ಬರಲಿಲ್ಲ. ತಲಿಗಿನ ಪಿನ್ನು ತಗದು ಒಂದು ತೂತಿಗೆ ಚುಚ್ಚಿದ್ಲು. ಬಿಳೀ ಪುಡಿ ಆಕಿ ಅಂಗೈ ಮ್ಯಾಲ ಉದುರಿತು. ಮೂರು ಪಟ್ಟಿ ಬರೋಬ್ಬರಿ ಆ ತೂತಿನ ಸಾಲಿನ ಮ್ಯಾಲೇ ಹಾದು ಹೋಗಿದ್ದವು.

ಅಯ್ಯ ಶಿವನೇ ಅಂದೆ. ಅಂದು, ಸೀರಿ ಸೆರಗು ಸೊಂಟಕ್ಕ ಸಿಗಿಸಿ ಎದ್ದೆ. "ನಡಿ, ಈಗೇ ಹೆಡ್ಡಿನ ರೂಮಿಗೆ. ಆ ಸಾಹೇಬರು ಇನ್ನೂ ಅಲ್ಲೇ ಇದ್ದಾರ. ನಿನ್ನ ಬೋರ್ಡಿನ ತಪ್ಪು ಎಳ್ಳಷ್ಟೂ ಇಲ್ಲ."

"ಬ್ಯಾಡ್ರಿ ಮೇಡಂ."

"ಹುಚ್ಚಿ ಇದ್ದೀ ಏನು?"

ಆಕಿ ವರ್ಕ್‌ಶಾಪಿನ ಕಡಿ ನೋಡಿದ್ಲು. ಅಲ್ಲಿ ಶರಣಪ್ಪ ಮಾಸ್ತರರು ಮುರಿದ ರೆಕ್ಕಿಗಳ ಮಣ್ಣು ತೊಳೀಲಿಕತ್ತಿದ್ದರು. "ಕಾಕಾಗ ಗೊತ್ತಾತಂದ್ರ ಅವರು ಉಣ್ಣೋದು ಬಿಡ್ತಾರ್ರಿ. ನನ್ನ ಕೆಲಸ ತಮ್ಮ ಕೈಯಿಂದ ಹೋತು ಅಂತ ಅವರು ತಡಕೋಳೋದಿಲ್ಲ. ಅದೂ ಇಭೂತಿ ಹಚ್ಚಿದ ಕೈ."

"ಮತ್ತ ನಿನ್ನ ಹೈದರಾಬಾದು?"

ಆಕಿ ಕೊಳವಿ ಟೇಬಲ್ ಮ್ಯಾಲ ಇಟ್ಲು. ಹೊರಳಿ ಹೇಳಿದ್ಲು, "ಮತ್ತ ಇನ್ನೊಂದು ಅದ್ರಿ. ನಾ ಹೇಳಿದ್ರ ಮಂದಿ ಏನಂತಾರ ನಿಮಗ ಗೊತ್ತಿಲ್ಲೇನ್ರಿ? ಆ ಮನಿ ಹುಡುಗಿ ಇಭೂತಿ ಮ್ಯಾಲ ತಪ್ಪು ಹೊರಿಸ್ಯಾಳ ಅಂತಾರ. ನನಗ ಅಂದ್ರ ಅನ್ಲಿ. ಆಕಿ ಜೋಡಿ ಕುಂತು ಉಂಡದ್ದಕ್ಕ ಹಿಂಗಾತು ಅಂತ ಕಾಕಾಗೂ ಅಂತಾರ. ಮೂರು ವರ್ಷ ನನ್ನ ಜೋಡಿ ಅವರೊಬ್ಬರೇ ಉಂಡಾರ್ರಿ ಮೇಡಂ. ಕಾಕಾಗ ಹೇಳೋದಿಲ್ಲ ಅಂತ ಮಾತು ಕೊಡ್ರಿ."

ಕೊಟ್ಟೆ. ಆಕಿ ಮಾರಿ ನೋಡಿ ಕೊಡದೆ ಇರ್ಲಿಕ್ಕ ಆಗಲಿಲ್ಲ.

ಹೆಡ್ಡಿನ ರೂಮಿನಾಗ ಎಲ್ಲಾರೂ ಕೂಡಿದ್ದರು. ಶರಣಪ್ಪ ಮಾಸ್ತರರು ತೊಳೆದ ರೆಕ್ಕಿ ಹಿಡಕೊಂಡು ಬಾಗಲಾಗ ನಿಂತಿದ್ದರು. ಸಾಹೇಬರು, "ಯಾಕ ಬಿಚ್ಚಲಿಲ್ಲ?" ಅಂತ ಕೇಳಿದರು. ವಿನೋದ ನೆಲ ನೋಡಿದ. ರಾಜಶೇಖರ ಸರ್ ಮಾತು ಕೊಟ್ಟಂಗೇ ಅಡ್ಡ ಬರಲಿಲ್ಲ.

"ಬೋರ್ಡು ಆರಿಸಿದ್ದು ನಾನ್ರಿ ಸರ್," ಸುಜಾತಾ ಎದ್ದು ನಿಂತು ಅಂದ್ಲು. "ಅದಕ್ಕ ಎತ್ತರ ಗೊತ್ತಾಗಲಿಲ್ಲ. ನನ್ನ ಆಯ್ಕಿ ತಪ್ಪಾತು."

ನಾ ಬಾಯಿ ತಗದೆ. ಟೇಬಲ್ ಕೆಳಗ ಆಕಿ ನನ್ನ ಮುಂಗೈ ಹಿಡದ್ಲು. ಬಳಿ ಚುಚ್ಚೋಹಂಗ ಹಿಡದಿದ್ಲು. ಸಾಹೇಬರು ಕೆಟ್ಟವರಲ್ಲ, "ಇರಲಿ ಬಿಡಮ್ಮ, ಕಲೀತಿ" ಅಂದು ಎದ್ದು ಹೋದರು. ಬಾಗಲಾಗ ನಿಂತ ಶರಣಪ್ಪ ಮಾಸ್ತರರು ಆಕಿ ತಲಿ ಮ್ಯಾಲ ಕೈ ಇಟ್ಟು ಕಣ್ಣು ಒರಸಿಕೊಂಡರು.

ಕಾಕಾಗ ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೆ, ಹೆಡ್ಡಿಗೆ ಹೇಳೋದಿಲ್ಲ ಅಂತ ಕೊಟ್ಟಿದ್ದಿಲ್ಲ. ಮರುದಿನ ಮುಂಜಾನಿ ಹೋಗಿ ರಾಜಶೇಖರ ಸರ್ ಮುಂದ ಕೊಳವಿ ತುಂಡು ಇಟ್ಟು, ಪಿನ್ನು ಚುಚ್ಚಿ ತೋರಿಸಿದೆ. ಅವರಿಗೆ ತಿಳೀತು. ದಡ್ಡರಲ್ಲ ಅವರು, ಅದೇ ನನಗ ಹೆಚ್ಚು ಸಿಟ್ಟು ತರಿಸೋದು.

"ಮೇಡಂ, ನಾನೇನು ಮಾಡ್ಲಿ ಹೇಳ್ರಿ," ಅಂದರು. "ಇಭೂತಿ ಹಚ್ಚಿದ್ದಕ್ಕ ರಾಕೆಟ್ ಬಿತ್ತು ಅಂತ ಹೈದರಾಬಾದಿಗೆ ಫೋನ್ ಮಾಡ್ಲಾ? ನಾಳಿಗೆ ಅದು ಕಾಲೇಜು ನಡಸೋ ಟ್ರಸ್ಟಿನವರ ಕಿವಿಗೆ ಮುಟ್ಟತದ, ಊರಿಗೆ ಮುಟ್ಟತದ. ಬೋರ್ಡು ಕೆಟ್ಟಿತ್ತು ಅಂತ ಇರಲಿ ಬಿಡ್ರಿ. ಬೋರ್ಡಿಗೇನು ನೋವಾಗ್ತದೇನು?"

"ಬೋರ್ಡಿಗೆ ಆಗೋದಿಲ್ಲ, ಹುಡುಗಿಗೆ ಆಗ್ತದ" ಅಂದೆ.

"ಆಕಿ ತಾನೇ ಒಪ್ಪಿಕೊಂಡಾಳಲ್ರಿ" ಅಂದು ಅವರು ಯಾವುದೋ ಫೈಲು ತಗದರು.

ನಾನೇ ಹೊರಗ ಬಂದು ಸಾಹೇಬರಿಗೆ ಫೋನ್ ಹಚ್ಚಿದೆ. "ಹೌದಾ ಮೇಡಂ, ಪಾಪ" ಅಂದರು. "ಆದ್ರ ನಿನ್ನೆ ಸಂಜಿನೇ ಆ ಹುಡುಗ ವಿನೋದನ ಹೆಸರು ಕಳಿಸಿಬಿಟ್ಟೀನಿ. ಈಗ ಅವನಿಗೆ ಬ್ಯಾಡ ಅನ್ನಲಿಕ್ಕ ಬರೋದಿಲ್ಲ." ವಿನೋದನ ಮ್ಯಾಲ ನನಗ ಸಿಟ್ಟಿಲ್ಲ. ಅವನಿಗೆ ಇದರಾಗಿನ ಒಂದಕ್ಷರಾನೂ ಗೊತ್ತಿದ್ದಿಲ್ಲ. ಹೈದರಾಬಾದಿನಾಗ ಛಲೋ ಇದ್ದಾನ, ಯುಗಾದಿಗೆ ಫೋನ್ ಮಾಡ್ತಾನ. ಈಗ ಏನು ಮಾಡ್ಲಿಕತ್ತೀಯೋ ಅಂದ್ರ, ಹೊಸಾ ಬೋರ್ಡು ಮಾಡ್ಲಿಕತ್ತೀನ್ರಿ ಮೇಡಂ ಅಂತಾನ. ಫೋನ್ ಇಟ್ಟ ಮ್ಯಾಲ ನನಗ ಅವತ್ತು ಊಟ ಸೇರೋದಿಲ್ಲ.

ನನ್ನ ಕೇಳ್ಲಿಕ್ಕ ಬರೋ ಹೊಸಬರೇ, ಬೋರ್ಡು ಆರಿಸೋದು ಹ್ಯಾಂಗ ಅಂದ್ರಲ್ಲ, ಸುಜಾತಾ ಆರಿಸಿದಂಗೇ ಆರಿಸ್ರಿ. ಒಂದೇ ಕೆಲಸ ಇದ್ರ ಒಂದೇ ಕೆಲಸ ಮಾಡೋದನ್ನ ಹಾಕ್ರಿ. ಆಮ್ಯಾಲ ನಿಮ್ಮ ಕಣ್ಣಿಗೆ ದಿನಾ ಬಿದ್ದು ಬಿದ್ದು ಕಾಣಲಾರದಂಗ ಆಗಿರೋದು ಏನದ ಅಂತ ಕೈ ಆಡಿಸಿ ನೋಡ್ರಿ. ಬಿದ್ದಾಗ ಯಾರ ಹೆಸರು ಹೇಳ್ತಾರ ಅನ್ನೋದು ಮಾತ್ರ ಯಾವ ಪುಸ್ತಕದಾಗೂ ಇಲ್ಲ, ಅದನ್ನ ಕಲಿಸ್ಲಿಕ್ಕ ನನಗೂ ಬರೋದಿಲ್ಲ.

ಶರಣಪ್ಪ ಮಾಸ್ತರರು ಮೊನ್ನಿ ಚಳಿಗಾಲದಾಗ ಲಿಂಗೈಕ್ಯ ಆದರು. ಮಣ್ಣಿಗೆ ನಾನೂ ಹೋಗಿದ್ದೆ, ಸುಜಾತಾನೂ ಬಂದಿದ್ಲು. ಇನ್ನರ ಬರೀಲೇನು ಅಂತ ಆಕೀನ ಕೇಳಿದೆ. "ಬರೀರಿ ಮೇಡಂ, ಈಗ ಯಾರಿಗೆ ಏನಾಗ್ತದ" ಅಂದ್ಲು.

ಅದಕ್ಕಿಂತ ಹಿಂದಿನ ವರ್ಷದ ಮಾತು ಇದು. ಚಿಂಚೋಳಿಗೆ ಒಂದು ಲಗ್ನಕ್ಕ ಹೋಗಿದ್ದೆ. ಮಾಸ್ತರರು ರಿಟೈರ್ ಆದ ಮ್ಯಾಲ ಅಲ್ಲೇ ಮಗನ ಮನ್ಯಾಗ ಇದ್ದರು, ಮಾತಾಡಿಸಿ ಬರೋಣಂತ ಹೋದೆ. "ಅಕ್ಕೋರೆ, ಬರೋಬ್ಬರಿ ಬಂದ್ರಿ, ಪಿಂಚಣಿಗೆ ನಾ ಜೀವಂತ ಅದೀನಿ ಅಂತ ಬಟ್ಟು ಒತ್ತಬೇಕಂತ. ನಡೀರಿ, ನಮ್ಮ ಸುಜಾತಾನ ಕಡೀನೇ ಒತ್ತತೀನಿ," ಅಂದು ಕರಕೊಂಡು ಹೋದರು. ಬಸ್‌ಸ್ಟ್ಯಾಂಡಿನ ಹಿಂದ ಒಂದು ಆನ್‌ಲೈನ್ ಸೆಂಟರು, ಯಾರದೋ ಅಂಗಡಿ. ಅದರಾಗ ಆಕಿ ಪಗಾರಕ್ಕ ಕುಂದ್ರತಾಳ. ಅರ್ಜಿ ತುಂಬೋದು, ಝೆರಾಕ್ಸ್ ತಗಿಯೋದು, ಮುದುಕರ ಬಟ್ಟು ಒತ್ತಿಸೋದು. ನಮ್ಮನ್ನ ನೋಡಿ ಸ್ಟೂಲು ಒರಸಿ, "ಬರ್ರಿ ಕಾಕಾ, ಕುಂದ್ರಿ ಮೇಡಂ" ಅಂದ್ಲು. ಮೈ ಸೊರಗಿತ್ತು, ನಗಿ ಮಾತ್ರ ಅದೇ ಇತ್ತು.

ಮಾಸ್ತರರ ಹೆಬ್ಬಟ್ಟು ಮಶೀನು ತಗೊಳ್ಳಲಿಲ್ಲ. ಕಬ್ಬಣ ತಿಕ್ಕಿ ತಿಕ್ಕಿ ಅವರ ಬಟ್ಟಿನ ಗೆರಿ ಸವದು ಹೋಗಿದ್ದವು. ಆಕಿ ಹಸೀ ಅರಬಿಯಿಂದ ಅವರ ಒಂದೊಂದೇ ಬಟ್ಟು ಒರಸಿ, ತನ್ನ ಕೈಯಿಂದಲೇ ಹಿಡದು ಇಡಸ್ಲಿಕತ್ತಿದ್ಲು. ಮಾಸ್ತರರು ಆಕಿ ಮಾರಿ ನೋಡ್ಕೋತ ಕುಂತಿದ್ದರು. ಇದ್ದಕ್ಕಿದ್ದಂಗ ಅಂದರು, "ಅಕ್ಕೋರೆ, ಇಷ್ಟು ಶಾಣ್ಯಾ ಹುಡುಗಿ ನನ್ನ ಕೈಯಾಗ ಇನ್ನೊಂದು ಬರಲಿಲ್ಲ ನೋಡ್ರಿ. ಅವತ್ತು ಆ ಒಂದು ಬೋರ್ಡು ನೋಡಿ ಆರಿಸಿದ್ದಿ ಅಂದ್ರ, ಯವ್ವ, ಇವತ್ತು ಇಲ್ಲಿ ಕುಂದ್ರತಿದ್ದಿಲ್ಲ ನೀ. ಒಂದು ಮಾತು ನನ್ನ ಕೇಳಬಾರದಿತ್ತೇನು?"

ನಾ ಆಕಿ ಕಡಿ ನೋಡಿದೆ. ಆಕಿ ನನ್ನ ಕಡಿ ನೋಡಲಿಲ್ಲ. ಅವರ ಕೈ ಬಿಡಲೂ ಇಲ್ಲ.

"ಹೌದ್ರಿ ಕಾಕಾ, ತಪ್ಪಾತು," ಅಂದ್ಲು. "ಆ ಬಟ್ಟು ಬ್ಯಾಡ, ಇದನ್ನ ಇಡ್ರಿ. ಜರಾ ಗಟ್ಟಿ ಒತ್ರಿ."